ಕರಿಬಸಪ್ಪನ ಕಾರಿನ ಮುಗ್ಗಲು ವಾಸನೆ

ನನ್ನ ಕೈಗೆ ಬಂದ ಯಾವ ಕಾರೂ ವಾಸನೆ ಇಟ್ಟುಕೊಂಡು ವಾಪಸು ಹೋದದ್ದಿಲ್ಲ. ಜಂಬ ಅಂತ ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ. ಹದಿನೇಳು ವರ್ಷದಿಂದ ಈ ಊರಿನಲ್ಲಿ ಕಾರಿನ ಎ.ಸಿ. ರಿಪೇರಿ ಮಾಡುತ್ತಿರುವವಳು ನಾನೊಬ್ಬಳೇ, ಹಾಗಾಗಿ ಜಂಬ ಪಡುವ ಹಕ್ಕೂ ನನ್ನೊಬ್ಬಳದೇ. ಹೆಸರು ಸರ್ವಮಂಗಳ, ಊರಿನವರ ಬಾಯಲ್ಲಿ ಮಂಗಳಕ್ಕ. ಬಸ್ ನಿಲ್ದಾಣದ ಹಿಂದೆ ಹುಣಸೆಮರದ ಕೆಳಗಿರುವ ತಗಡಿನ ಶೆಡ್ಡು ನನ್ನದು. ಅದರ ಹಿಂದಿನ ಎರಡು ಕೋಣೆಯ ಮನೆಯೂ ನನ್ನದೇ. ಆ ಮನೆಯಲ್ಲಿ ಯಾವ ವಾಸನೆಯೂ ಇರಲಿಲ್ಲ. ನನ್ನ ಮೂಗು ಕೆಲಸದ ಮೂಗು, ಅದಕ್ಕೆ ಮನೆಯಲ್ಲಾದರೂ ವಿಶ್ರಾಂತಿ ಬೇಕು ಎಂದು ಎಲ್ಲರಿಗೂ ಹೇಳಿಟ್ಟಿದ್ದೆ. ಎಲ್ಲರೂ ಒಪ್ಪಿದ್ದರು.

ಎ.ಸಿ.ಯಿಂದ ಮುಗ್ಗಲು ವಾಸನೆ ತೆಗೆಯುವುದು ದೊಡ್ಡ ವಿದ್ಯೆಯೇನಲ್ಲ. ಡ್ಯಾಶ್‌ಬೋರ್ಡಿನ ಸಾಮಾನಿಡುವ ಗೂಡು ಬಿಚ್ಚಿದರೆ ಅದರ ಹಿಂದೆ ಫಿಲ್ಟರ್ ಕೂತಿರುತ್ತದೆ. ಅದನ್ನು ವರ್ಷಗಟ್ಟಲೆ ಯಾರೂ ನೋಡಿರುವುದಿಲ್ಲ. ಎಳೆದರೆ ಒಣಗಿದ ಎಲೆ, ಜಿರಲೆ ರೆಕ್ಕೆ, ಒಮ್ಮೊಮ್ಮೆ ಇಲಿ ಕಟ್ಟಿದ ಗೂಡೂ ಬರುತ್ತದೆ. ಅದರಾಚೆ ಗಾಳಿ ತಣ್ಣಗೆ ಮಾಡುವ ಕಾಯಿಲ್. ಎ.ಸಿ. ಓಡುವಾಗ ಅದರ ಮೇಲೆ ನೀರು ಕೂರುತ್ತದೆ, ಆ ನೀರು ಇಳಿದುಹೋಗಲು ಕೆಳಗೊಂದು ಸಣ್ಣ ಪೈಪು. ಪೈಪು ಕಟ್ಟಿಕೊಂಡರೆ ನೀರು ಒಳಗೇ ನಿಂತು ಬೂಷ್ಟು ಹಿಡಿಯುತ್ತದೆ. ನೊರೆ ಹೊಡೆದು ಕಾಯಿಲ್ ತೊಳೆದು, ಪೈಪಿಗೆ ಗಾಳಿ ಊದಿ, ಹೊಸ ಫಿಲ್ಟರ್ ಹಾಕಿ, ಎ.ಸಿ. ಆರಿಸಿ ಬರೀ ಫ್ಯಾನನ್ನು ಅರ್ಧ ಗಂಟೆ ಓಡಿಸಿದರೆ ಒಳಗೆಲ್ಲ ಒಣಗುತ್ತದೆ. ಇಷ್ಟನ್ನು ಯಾರು ಬೇಕಾದರೂ ಕಲಿಯಬಹುದು. ಕಷ್ಟ ಇರುವುದು ಆಮೇಲೆ, ತೆಗೆದ ವಾಸನೆಗೆ ಮನೆ ಹುಡುಕುವುದರಲ್ಲಿ.

ನಮ್ಮ ಊರಿನಲ್ಲಿ ವಾಸನೆ ಕರಗಿ ಹೋಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೇ. ತೆಗೆದದ್ದನ್ನು ನಾನು ಸ್ಟೀಲಿನ ಟಿಫಿನ್ ಕ್ಯಾರಿಯರ್‌ಗೆ ತುಂಬಿಕೊಂಡು ಯಾರದಾದರೂ ಬಾಗಿಲಿಗೆ ಹೋಗುತ್ತೇನೆ. ಆ ಮನೆಯವರು ಮುಚ್ಚಳ ತೆಗೆದು, ಮೂಸಿ ನೋಡಿ, "ಇಲ್ಲಿರಲಿ" ಅನ್ನಬೇಕು. ಅವರು ಹಾಗೆ ಹೇಳಿದರೆ ವಾಸನೆ ಅಲ್ಲಿ ಇಳಿದು ಅಲ್ಲೇ ನಿಲ್ಲುತ್ತದೆ. ಮೂಸದೆ ಅಂದರೆ, ಅಥವಾ ಮೂಸಿಯೂ ಅನ್ನದಿದ್ದರೆ, ದೀಪ ಹಚ್ಚುವ ಹೊತ್ತಿಗೆ ಅದು ಹೊರಟಲ್ಲಿಗೇ ವಾಪಸು ಬರುತ್ತದೆ. ಹೀಗಾಗಿ ಊರಿನವರು ಹೊಂದಿಕೊಂಡಿದ್ದಾರೆ. ಪೆಟ್ರೋಲ್ ವಾಸನೆಯನ್ನು ಲೆಕ್ಕದ ಮೇಷ್ಟ್ರು ಇಷ್ಟಪಟ್ಟು ತೆಗೆದುಕೊಳ್ಳುತ್ತಾರೆ. ಮೀನಿನದನ್ನು ಐದು ಬೆಕ್ಕು ಸಾಕಿರುವ ಜೈನಾಬಿ ಬಿಟ್ಟುಕೊಡುವುದಿಲ್ಲ. ನಮ್ಮ ಸೀಮೆಎಣ್ಣೆ ನೀವಿಟ್ಟುಕೊಳ್ಳಿ, ನಿಮ್ಮ ಪೇಂಟು ನಮಗಿರಲಿ ಎಂದು ಬೀಗರು ಬೀಗರು ಬದಲಾಯಿಸಿಕೊಳ್ಳುವುದೂ ಉಂಟು. ಆದರೆ ಮುಗ್ಗಲನ್ನು ಯಾರೂ ಕೇಳಿ ಪಡೆದದ್ದನ್ನು ನಾನು ಕಂಡಿಲ್ಲ.

ಅಂಥವಕ್ಕೆ ಊರಿನಲ್ಲಿ ಒಂದೇ ಮನೆ ಇತ್ತು, ಟೈಲರ್ ಗುರುಪಾದಪ್ಪನವರದು. ಅವರಿಗೆ ಚಿಕ್ಕಂದಿನಿಂದ ಮೂಗು ಕೆಲಸ ಮಾಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಇದನ್ನು ಊರಿಗೆ ತಿಳಿಸಿದವಳೂ ನಾನೇ. ಕೆಲಸಕ್ಕಿಳಿದ ಮೊದಲ ವರ್ಷ ದನದ ಡಾಕ್ಟರರ ಜೀಪಿನ ವಾಸನೆ ಹಿಡಿದುಕೊಂಡು ಹನ್ನೊಂದು ಮನೆ ಸುತ್ತಿದ್ದೆ. ಹನ್ನೊಂದು ಮನೆಯವರೂ ಬಾಗಿಲು ಹಾಕಿದ್ದರು. ಸುಸ್ತಾಗಿ ಗುರುಪಾದಪ್ಪನವರ ಜಗಲಿಯ ಮೇಲೆ ಕೂತಿದ್ದಾಗ ಅವರು ಮೆಷಿನ್ ನಿಲ್ಲಿಸಿ ಹೊರಗೆ ಬಂದು, "ನನಗೆ ಮೂಗೇ ಇಲ್ಲ ಕಣಮ್ಮ, ಕೊಡು ಇಲ್ಲಿ" ಅಂದರು. ಮುಚ್ಚಳ ತೆಗೆದು, ಒಂದು ಕ್ಷಣ ಕಣ್ಣು ಮುಚ್ಚಿ, "ಇಲ್ಲಿರಲಿ" ಅಂದರು. ಆ ಸಂಜೆ ವಾಸನೆ ವಾಪಸು ಬರಲಿಲ್ಲ. ಮೂಗಿಲ್ಲದವರಿಗೆ ನಮ್ಮ ಊರಿನ ನಿಯಮ ವಿನಾಯಿತಿ ಕೊಟ್ಟಿದೆ ಎಂದು ನಾನು ಖುಷಿಯಿಂದ ಊರೆಲ್ಲ ಹೇಳಿಕೊಂಡು ಬಂದೆ. ಮರುದಿನದಿಂದ ಅವರ ಬಾಗಿಲಿಗೆ ಒಬ್ಬರ ಹಿಂದೊಬ್ಬರು ಡಬ್ಬಿ ಹಿಡಿದು ಬಂದರು. ಶಾಲೆಯ ಅಟ್ಟದಲ್ಲಿ ಸತ್ತ ಇಲಿ, ಹೋಟೆಲಿನ ಸೀದ ಎಣ್ಣೆ, ತುಂಬಿಹೋದ ಚರಂಡಿ, ಎಲ್ಲವೂ ಅಲ್ಲಿಗೇ. ಬರಬರುತ್ತಾ ಅವರಲ್ಲಿ ಹೊಲಿಸುವವರು ಕಡಿಮೆಯಾದರು. ಕಣ್ಣು ಮಂಜಾಗಿರಬೇಕು ಎಂದು ಜನ ಆಡಿಕೊಂಡರು. ನಾನೂ ರವಿಕೆ ಹೊಲಿಸುವುದನ್ನು ಬಿಟ್ಟೆ, ಕಾರಣ ಮಾತ್ರ ಅವರ ಕಣ್ಣಲ್ಲ.

ಹೋದ ಚೈತ್ರದಲ್ಲಿ ಒಂದು ಸೋಮವಾರ ಬೆಳಿಗ್ಗೆ ಕರಿಬಸಪ್ಪ ಕಾರು ತಂದ. ಬಾಡಿಗೆ ಕಾರು ಓಡಿಸುವ ಕರಿಬಸಪ್ಪ ಮಾತುಗಾರ, ಆದರೆ ಅವತ್ತು ಸುಮ್ಮನೆ ಇಳಿದು ನಿಂತ. ಬಾಗಿಲು ತೆಗೆದದ್ದೇ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಮುಗ್ಗಲು ಒಂದೇ ಆಗಿದ್ದರೆ ಹೇಗೋ ತಡೆಯಬಹುದಿತ್ತು. ಅದನ್ನು ಮುಚ್ಚಲು ಅವನು ಮಲ್ಲಿಗೆ ಹಾರ ಕಟ್ಟಿದ್ದ, ಊದುಬತ್ತಿ ಹಚ್ಚಿದ್ದ, ಕಾಫಿಪುಡಿಯ ಪೊಟ್ಟಣ ಬಿಚ್ಚಿಟ್ಟಿದ್ದ, ಸೀಟಿನ ಕೆಳಗೆ ನಿಂಬೆಹಣ್ಣು ಹೆಚ್ಚಿಟ್ಟಿದ್ದ. ಎಲ್ಲವೂ ಒಂದರ ಮೇಲೊಂದು ಕೂತಿದ್ದವು. ಒದ್ದೆ ಗೋಣಿಚೀಲಕ್ಕೆ ಮದುವೆಯ ಅಲಂಕಾರ ಮಾಡಿದ ಹಾಗಿತ್ತು.

"ಏನ್ ಕರಿಬಸಪ್ಪ, ಕಾರಿಗೆ ಪೂಜೆ ಮಾಡ್ಸಿದ್ಯೋ, ತಿಥಿ ಮಾಡ್ಸಿದ್ಯೋ?" ಎಂದು ಕೇಳಿದೆ.

ಅವನು ನಗಲಿಲ್ಲ. "ಮಗಳು ವನಜಾನ್ನ ಗುರುವಾರ ದೊಡ್ಡಾಸ್ಪತ್ರೆಗೆ ಸೇರಿಸ್ಬೇಕು ಅಕ್ಕ. ಮಗು ಅಡ್ಡ ಮಲಗಿದೆಯಂತೆ, ಆಪರೇಷನ್ ಮಾಡ್ಬೇಕಂತೆ. ಹೋದ ವಾರ ತೋರಿಸೋಕೆ ಕರ್ಕೊಂಡು ಹೊರಟೆ. ಈ ವಾಸನೆಗೆ ವಾಂತಿ ಮಾಡಿ ಮಾಡಿ ಅರ್ಧ ದಾರೀಲೇ ಇಳಿದುಬಿಟ್ಟಳು. ಕಿಟಕಿ ತೆಗೆಯೋಣ ಅಂದ್ರೆ ಮೆಣಸಿನಕಾಯಿ ಕಣ."

ಅದು ನಮ್ಮ ಊರಿನ ರಸ್ತೆಯ ಪಾಡು. ಊರು ದಾಟಿದ ಮೇಲೆ ಒಂದು ಗಂಟೆಯ ದಾರಿಯುದ್ದಕ್ಕೂ ಎರಡೂ ಬದಿಗೆ ಮೆಣಸಿನಕಾಯಿ ಒಣಗಲು ಹರಡಿರುತ್ತಾರೆ. ಚೈತ್ರದಲ್ಲಿ ಕಿಟಕಿ ಇಳಿಸಿದರೆ ಗಂಟಲು ಕಿತ್ತುಬರುವ ಹಾಗೆ ಕೆಮ್ಮು. ತುಂಬು ಬಸುರಿ ಹಾಗೆ ಕೆಮ್ಮಬಾರದು. ಕಿಟಕಿ ಮುಚ್ಚಿ ಎ.ಸಿ. ಹಾಕಲೇಬೇಕು, ಎ.ಸಿ. ಹಾಕಿದರೆ ಮುಗ್ಗಲು. ವನಜಾಳ ಗಂಡ ದೂರದಲ್ಲೆಲ್ಲೋ ಸೇತುವೆ ಕಟ್ಟುವ ಕೆಲಸದಲ್ಲಿದ್ದ. ಅವಳನ್ನು ಕರೆದೊಯ್ಯಲು ಇದ್ದದ್ದು ಅಪ್ಪ ಮತ್ತು ಈ ಕಾರು, ಎರಡೇ.

"ಸಾಯಂಕಾಲಕ್ಕೆ ಬಾ. ನಿನ್ನ ಮಗಳು ಗುರುವಾರ ನಿದ್ದೆ ಮಾಡ್ಕೊಂಡು ಹೋಗ್ತಾಳೆ" ಅಂದೆ.

ಹೇಳಿದ ಹಾಗೆ ಮಾಡಿದೆ. ಪೈಪಿನಲ್ಲಿ ಕಣಜದ ಹುಳು ಮಣ್ಣು ತುಂಬಿ ಮನೆ ಮಾಡಿತ್ತು. ಕಾಯಿಲ್ ಕೆಳಗೆ ಎರಡು ಲೋಟ ಕಪ್ಪು ನೀರು ನಿಂತಿತ್ತು. ಮಲ್ಲಿಗೆ, ಊದುಬತ್ತಿ, ಕಾಫಿ, ನಿಂಬೆ ನಾಲ್ಕನ್ನೂ ಅಕ್ಕಪಕ್ಕದವರು ನಾ ಮುಂದು ತಾ ಮುಂದು ಎಂದು ಒಯ್ದರು. ಮುಗ್ಗಲನ್ನು ಕ್ಯಾರಿಯರ್‌ನ ಕೆಳಗಿನ ಡಬ್ಬಿಗೆ ಹಾಕಿಕೊಂಡು, ಸೆರಗನ್ನು ಮೂಗಿಗೆ ಒತ್ತಿ, ಗುರುಪಾದಪ್ಪನವರ ಗೇಟಿನವರೆಗೆ ಹೋದೆ. ಗೇಟಿನಿಂದ ಒಳಗೆ ಹೋಗಿ ಎಷ್ಟು ವರ್ಷವಾಗಿತ್ತೋ ನೆನಪಿಲ್ಲ. ಅವರು ಕುತ್ತಿಗೆಗೆ ಟವೆಲ್ ಸುತ್ತಿಕೊಂಡು ಬಂದರು, ಸ್ವರ ಒಡೆದಿತ್ತು. ಧೂಳಿಗೆ ಇರಬೇಕು ಅಂದುಕೊಂಡೆ. ಮುಚ್ಚಳ ತೆಗೆದು, ಕಣ್ಣು ಮುಚ್ಚಿ, "ಇಲ್ಲಿರಲಿ" ಅಂದರು. "ಚೆನ್ನಾಗಿದ್ದೀಯಾ ಮಂಗಳಾ?" ಎಂದೂ ಕೇಳಿದರು. ನಾನು ಉಸಿರು ಬಿಗಿಹಿಡಿದಿದ್ದರಿಂದ ತಲೆಯಾಡಿಸಿ ಬಂದುಬಿಟ್ಟೆ.

ದೀಪ ಹಚ್ಚುವ ಹೊತ್ತಿಗೆ ಕರಿಬಸಪ್ಪ ಓಡುತ್ತಾ ಬಂದ. ವಾಸನೆ ವಾಪಸು ಬಂದಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಹದಿನೇಳು ವರ್ಷದಲ್ಲಿ ಹೀಗಾದದ್ದಿಲ್ಲ. ನನ್ನ ಕೆಲಸದಲ್ಲೇ ಎಲ್ಲೋ ತಪ್ಪಿದೆ ಎಂದು ಮಂಗಳವಾರ ಇಡೀ ಡ್ಯಾಶ್‌ಬೋರ್ಡನ್ನೇ ಕಳಚಿದೆ. ಫ್ಯಾನಿನ ರೆಕ್ಕೆಗಳನ್ನು ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದೆ, ಗಾಳಿ ಬರುವ ಕೊಳವೆಯೊಳಗೆ ಬಟ್ಟೆ ತೂರಿಸಿ ಒರೆಸಿದೆ, ನೆಲಹಾಸು ಕಿತ್ತು ಬಿಸಿಲಿಗೆ ಹಾಕಿದೆ. ಅಷ್ಟು ಸ್ವಚ್ಛವಾದ ಕಾರಿನಲ್ಲಿ ಅನ್ನ ಹಾಕಿಕೊಂಡು ಉಣ್ಣಬಹುದಿತ್ತು. ಮಧ್ಯಾಹ್ನ ಮತ್ತೆ ಗುರುಪಾದಪ್ಪನವರ ಗೇಟು, ಮತ್ತೆ ಮುಚ್ಚಳ, ಮತ್ತೆ "ಇಲ್ಲಿರಲಿ". ಸಂಜೆ ವಾಸನೆ ಮತ್ತೆ ಕಾರಿನಲ್ಲಿತ್ತು.

ಈ ಸಲ ವನಜಾಳೇ ಶೆಡ್ಡಿಗೆ ಬಂದಳು. ಸೊಂಟಕ್ಕೆ ಕೈಯಿಟ್ಟುಕೊಂಡು, ಕಾರಿನ ಒಳಗೆ ಬಗ್ಗಿ, ಬಾಯಿಗೆ ಸೆರಗು ಒತ್ತಿ ಹಿಂದೆ ಸರಿದಳು. ಚಿಕ್ಕವಳಿದ್ದಾಗ ಇದೇ ಹುಣಸೆಮರಕ್ಕೆ ಕಲ್ಲು ಹೊಡೆದು ನನ್ನಿಂದ ಬೈಸಿಕೊಂಡವಳು ಅವಳು. ಅವಳು ಹೆದರಿದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಮಂಗಳತ್ತೆ, ನಿಜ ಹೇಳು. ಆಗುತ್ತೋ ಇಲ್ವೋ? ಈ ಸಲ ಅರ್ಧ ದಾರೀಲಿ ಇಳಿದ್ರೆ ನಾನೂ ಇಲ್ಲ, ಮಗೂನೂ ಇಲ್ಲ."

"ಆಗುತ್ತೆ. ನಾಳೆ ಸಾಯಂಕಾಲ ಬಂದು ಕಾರಲ್ಲಿ ಕೂತ್ಕೋ" ಅಂದೆ. ಹೇಗೆ ಆಗುತ್ತದೆ ಎಂಬುದು ನನಗೇ ಗೊತ್ತಿರಲಿಲ್ಲ. ಆದರೂ ಧೈರ್ಯವಾಗಿ ಹೇಳಿದೆ, ಹಾಗೆ ಹೇಳುವುದು ಕೆಲಸದ ಅರ್ಧ ಭಾಗ.

ಬುಧವಾರ ಕಾರನ್ನು ಮುಟ್ಟಲಿಲ್ಲ. ವಾಸನೆಯನ್ನಷ್ಟೇ ಡಬ್ಬಿಗೆ ತುಂಬಿಕೊಂಡು ಹೊರಟೆ. ನನ್ನ ಕೆಲಸದಲ್ಲಿ ತಪ್ಪಿಲ್ಲವೆಂದ ಮೇಲೆ ತಪ್ಪು ಇಳಿಸಿದ ಜಾಗದಲ್ಲಿರಬೇಕು. ಬಹುಶಃ ಆ ಮನೆ ತುಂಬಿಹೋಗಿದೆ, ಇನ್ನೊಂದು ಹಿಡಿಯುವುದಿಲ್ಲ ಎಂದು ನನ್ನ ಲೆಕ್ಕಾಚಾರ. ನೋಡಿಯೇ ಬಿಡೋಣ ಎಂದು ಗೇಟು ತೆಗೆದು ಒಳಗೆ ಕಾಲಿಟ್ಟೆ. ಕಣ್ಣಲ್ಲಿ ನೀರು ಬಂತು. ಇಲಿ, ಎಣ್ಣೆ, ಚರಂಡಿ, ದನದ ಡಾಕ್ಟರರ ಜೀಪು, ಒಂದೊಂದನ್ನೂ ಗುರುತು ಹಿಡಿದೆ. ಅರ್ಧಕ್ಕರ್ಧ ನನ್ನ ಕೈಯಲ್ಲೇ ಬಂದವು. ಒಳಗೆ ಹೊಲಿಗೆ ಮೆಷಿನ್ನಿನ ಮೇಲೆ ಬಟ್ಟೆ ಹೊದಿಸಿತ್ತು. ಗೋಡೆಗೆ ಕತ್ತರಿ ನೇತುಹಾಕಿತ್ತು. ಗುರುಪಾದಪ್ಪನವರು ಬಿಸಿನೀರಿನ ಪಾತ್ರೆಯ ಮುಂದೆ ತಲೆಗೆ ಟವೆಲ್ ಹೊದ್ದು ಹಬೆ ತೆಗೆದುಕೊಳ್ಳುತ್ತಿದ್ದರು.

"ಏನಾಯ್ತು ಗುರುಪಾದಣ್ಣ?"

"ಶೀತ ಕಣಮ್ಮ" ಎಂದು ಟವೆಲಿನ ಒಳಗಿನಿಂದಲೇ ಹೇಳಿದರು. "ಭಾನುವಾರದಿಂದ ಮೂಗು ಕಟ್ಟಿಬಿಟ್ಟಿದೆ. ಯಾವ ವಾಸನೇನೂ ಗೊತ್ತಾಗ್ತಿಲ್ಲ."

ನಾನು ನಿಂತಲ್ಲೇ ನಿಂತೆ.

"ಭಾನುವಾರದಿಂದಾನಾ?" ಎಂದೆ.

ಅವರು ಟವೆಲ್ ಸರಿಸಿ ನನ್ನ ಮುಖ ನೋಡಿದರು. ಮೂಗು ಕೆಂಪಾಗಿತ್ತು. ಆಮೇಲೆ ಪಾತ್ರೆಯ ಕಡೆ ನೋಡುತ್ತಾ, "ಬಾಯಿ ತಪ್ಪಿ ಬಂತು" ಅಂದರು.

"ಇಷ್ಟು ವರ್ಷ ಎಲ್ಲಾನೂ ಮೂಸಿದ್ರಾ?"

"ಮೂಸದೆ ಇದ್ದಿದ್ರೆ ನಿಲ್ತಿತ್ತಾ? ಊರಿನ ರೀತಿ ನಿನಗೆ ಗೊತ್ತಿಲ್ವಾ?"

ಗೊತ್ತಿತ್ತು. ಈ ಊರಿನಲ್ಲಿ ಅದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಾರದು. ಅವರು ಪ್ರತಿ ಸಲ ಕಣ್ಣು ಮುಚ್ಚುತ್ತಿದ್ದದ್ದನ್ನೂ ಕಂಡಿದ್ದೆ. ಆದರೂ ನಿಯಮ ಒಬ್ಬ ಮನುಷ್ಯನಿಗೆ ಮಾತ್ರ ವಿನಾಯಿತಿ ಕೊಟ್ಟಿದೆ ಎಂದು ನಂಬಿದ್ದೆ, ಹಾಗೆ ನಂಬಿದರೆ ನನಗೆ ಅನುಕೂಲವಿತ್ತು. ನನಗೆ ತುಂಬಾ ನಾಚಿಕೆಯಾಯಿತು. ಕೈಯಲ್ಲಿದ್ದ ಕ್ಯಾರಿಯರ್ ಅನ್ನು ಎಲ್ಲಿಡಬೇಕೋ ತಿಳಿಯದೆ ಬೆನ್ನ ಹಿಂದೆ ಹಿಡಿದುಕೊಂಡೆ.

"ಅವತ್ಯಾಕೆ ಸುಳ್ಳು ಹೇಳಿದ್ರಿ?"

"ನೀನು ಜಗಲಿ ಮೇಲೆ ಕೂತು ಅಳ್ತಿದ್ದೆ. ನನಗೆ ತೊಂದ್ರೆ ಆಗುತ್ತೆ ಅಂತ ಗೊತ್ತಾದ್ರೆ ಕೊಡ್ತಿರಲಿಲ್ಲ. ಅದಕ್ಕೆ ಹಾಗಂದೆ. ನೀನು ಊರೆಲ್ಲ ಹೇಳ್ಕೊಂಡು ಬರ್ತೀಯ ಅಂತ ನನಗೇನು ಗೊತ್ತಿತ್ತು?"

"ಆಮೇಲೆ ಬಂದೋರಿಗೆ ಆಗಲ್ಲ ಅನ್ನಬಹುದಿತ್ತಲ್ಲ."

"ಅನ್ನಬಹುದಿತ್ತು." ಅವರು ಟವೆಲನ್ನು ನಾಲ್ಕು ಮಡಿಕೆ ಮಡಿಸಿದರು, ಅಂಚಿಗೆ ಅಂಚು ಸೇರಿಸಿ, ಹೊಲಿಯುವವರು ಮಡಿಸುವ ಹಾಗೆ. "ಅಷ್ಟು ಹೊತ್ತಿಗೆ ಹೊಲಿಸೋಕೆ ಬರೋರು ನಿಂತುಹೋಗಿದ್ರು. ಡಬ್ಬಿ ಹಿಡ್ಕೊಂಡಾದ್ರೂ ಯಾರಾದ್ರೂ ಬರೋರಲ್ಲ ಅನ್ನಿಸ್ತು."

ನನ್ನ ಬೆನ್ನ ಹಿಂದಿದ್ದ ಡಬ್ಬಿಯ ಕಡೆ ಇಣುಕಿದರು. ಅವರೇ ಕೇಳಿದರು, ಅದು ಕರಿಬಸಪ್ಪನ ಕಾರಿನದಾ, ಆ ಹುಡುಗಿ ಹೊರಡುವುದು ಯಾವಾಗ ಎಂದು. ನಾಳೆ ಬೆಳಿಗ್ಗೆ ಎಂದೆ. ಅವರು ಪಾತ್ರೆಯನ್ನು ಹತ್ತಿರ ಎಳೆದುಕೊಂಡರು. "ತಡಿ ಹಾಗಾದ್ರೆ. ಇನ್ನೊಂದೆರಡು ಸಲ ಹಬೆ ತಗೋತೀನಿ. ಸಾಯಂಕಾಲದೊಳಗೆ ಮೂಗು ಬಿಟ್ಟರೂ ಬಿಟ್ಟೀತು. ಮೂಸಿ ಇಟ್ಕೋತೀನಿ."

ಆ ಕೊಳಕನ್ನು ಮೂಸುವುದಕ್ಕೋಸ್ಕರ ಆ ಮನುಷ್ಯ ಕುದಿಯುವ ನೀರಿಗೆ ಮುಖ ಒಡ್ಡಲು ಹೊರಟಿದ್ದರು.

"ಬೇಡ" ಅಂದೆ. "ಇದು ನಿಮಗಲ್ಲ. ಸುಮ್ಮನೆ ನೋಡ್ಕೊಂಡು ಹೋಗೋಣ ಅಂತ ಬಂದೆ." ಅವರು ನಂಬಲಿಲ್ಲ, ಆದರೆ ಖುಷಿಪಟ್ಟರು. ಶುಂಠಿ ಜಜ್ಜಿ ಕಷಾಯ ಮಾಡಿಕೊಟ್ಟು, ಮೂಗಿಗೆ ಸೆರಗು ಒತ್ತದೆ ಅರ್ಧ ಗಂಟೆ ಕೂತಿದ್ದೆ. ಇಡೀ ಜೀವಮಾನದಲ್ಲಿ ನನ್ನ ಮೂಗು ಅಷ್ಟು ಕಷ್ಟಪಟ್ಟದ್ದಿಲ್ಲ. ಅವರಾದರೋ ಹದಿನೇಳು ವರ್ಷ ಅಲ್ಲೇ ಉಂಡು ಅಲ್ಲೇ ಮಲಗಿದ್ದರು.

ಸಂಜೆ ಕರಿಬಸಪ್ಪನೂ ವನಜಾಳೂ ಬಂದು ಕಾರಿನ ಕಿಟಕಿ ಮುಚ್ಚಿಕೊಂಡು ಕೂತರು. ಎ.ಸಿ. ಹಾಕಿ ಎಂದು ಹೇಳಿ ನಾನು ಮನೆಯೊಳಗೆ ಹೋಗಿ ನಡುಮನೆಯಲ್ಲಿ ನಿಂತೆ. ಇನ್ನೊಂದು ಮನೆ ಹುಡುಕಬಹುದಿತ್ತು, ಹನ್ನೊಂದು ಬಾಗಿಲು ತಟ್ಟಿ ಅಭ್ಯಾಸವಿದ್ದವಳು ನಾನು. ಆದರೆ ಯಾವ ಮುಖ ಇಟ್ಟುಕೊಂಡು ತಟ್ಟಲಿ? ನನ್ನ ಬಾಗಿಲನ್ನೇ ನಾನು ಒಂದು ದಿನವೂ ತಟ್ಟಿರಲಿಲ್ಲ. ಈ ಮನೆಯಲ್ಲಿ ವಾಸನೆ ಇಳಿದರೆ ಮೂಗಿನ ಸೂಕ್ಷ್ಮ ಹೋಗುತ್ತದೆ, ಕೆಲಸ ಕೆಡುತ್ತದೆ ಎಂಬ ಭಯ ನಿಜವಾಗಿಯೂ ಇತ್ತು. ಈ ವಯಸ್ಸಿನಲ್ಲಿ ಬೇರೆ ಕಸುಬು ಎಲ್ಲಿ ಕಲಿಯಲಿ ಎಂಬ ಭಯ ಅದಕ್ಕಿಂತ ದೊಡ್ಡದಿತ್ತು. ಹೊರಗೆ ಬೀದಿಯಲ್ಲಿ ಒಂದೊಂದಾಗಿ ದೀಪ ಹತ್ತಿಕೊಂಡವು. ಮುಚ್ಚಳ ತೆಗೆದು, ಬಗ್ಗಿ, ಚೆನ್ನಾಗಿ ಎಳೆದು ಮೂಸಿದೆ. ಒದ್ದೆ ಬಟ್ಟೆ, ಕೊಳೆತ ಎಲೆ, ನಿಂತ ನೀರು. ಕಣ್ಣು ತಾನಾಗಿಯೇ ಮುಚ್ಚಿಕೊಂಡಿತು.

"ಇಲ್ಲಿರಲಿ" ಅಂದೆ.

ಹೊರಗೆ ಬಂದಾಗ ವನಜಾ ಕಿಟಕಿಯ ಗಾಜಿಗೆ ಹಣೆಯಿಟ್ಟು ಕೂತಿದ್ದಳು. ದೀಪದ ಹೊತ್ತು ಕಳೆದು ಪೂರ್ತಿ ಕತ್ತಲಾಗುವವರೆಗೂ ಮೂವರೂ ಕಾದೆವು. ಆಮೇಲೆ ಅವಳು ಉದ್ದಕ್ಕೆ ಉಸಿರು ಎಳೆದು, ಬಿಟ್ಟು, "ಅಪ್ಪ, ಮನೆಗೆ ಹೋಗಿ ಬಟ್ಟೆ ಜೋಡಿಸ್ಕೋತೀನಿ" ಅಂದಳು. ಕರಿಬಸಪ್ಪ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟ.

ಗುರುವಾರ ಬೆಳಿಗ್ಗೆ ಅವರು ಹೊರಡುವಾಗ ನಾನು ಕಿಟಕಿಯ ಹತ್ತಿರ ನಿಂತು ಅವನಿಗೆ ಪಾಠ ಹೇಳಿದೆ. ಊರು ಮುಟ್ಟುವ ಐದು ನಿಮಿಷ ಮೊದಲೇ ಎ.ಸಿ. ಆರಿಸಬೇಕು, ಫ್ಯಾನ್ ಮಾತ್ರ ಓಡುತ್ತಿರಬೇಕು, ಕಾಯಿಲ್ ಒಣಗಬೇಕು, ಪ್ರತಿ ಸಲ ಹೀಗೇ ಮಾಡಿದರೆ ಮುಗ್ಗಲು ಹುಟ್ಟುವುದೇ ಇಲ್ಲ. ಹುಟ್ಟಿಸದಿರುವುದೇ ಒಳ್ಳೆಯದು, ಇಟ್ಟುಕೊಳ್ಳುವವರಿಗೆ ಎಷ್ಟು ಕಷ್ಟ ಎಂಬುದು ಈಗ ನನಗೆ ಗೊತ್ತು ಎಂದೆ. ಅವನಿಗೆ ಕೊನೆಯ ಮಾತು ಅರ್ಥವಾಗಲಿಲ್ಲ. ವನಜಾಳಿಗೆ ಅರ್ಥವಾಯಿತು. ನನ್ನ ಸೀರೆಗೆ ಹತ್ತಿದ್ದ ಮುಗ್ಗಲಿನಿಂದ ಅವಳಿಗೆ ಆಗಲೇ ಗೊತ್ತಾಗಿತ್ತು. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ಬಿಟ್ಟಳು. ಮೆಣಸಿನಕಾಯಿ ಕಣದುದ್ದಕ್ಕೂ ನಿದ್ದೆ ಮಾಡಿದಳಂತೆ. ಮರುದಿನ ಹೆಣ್ಣುಮಗು ಹುಟ್ಟಿತು.

ಆ ವಾರವೇ ನಾನು ಖಾಲಿ ಕ್ಯಾರಿಯರ್ ಹಿಡಿದು ಗುರುಪಾದಪ್ಪನವರ ಮನೆಗೆ ಹೋಗಿ ದನದ ಡಾಕ್ಟರರ ಜೀಪನ್ನು ವಾಪಸು ತಂದೆ. ಅವರು ಕೊಡಲು ಒಪ್ಪಲಿಲ್ಲ, ನಾನು ಕೇಳಲಿಲ್ಲ. ಊರೆಲ್ಲ ಹೇಳಿಕೊಂಡು ಬರುವುದರಲ್ಲಿ ನಾನು ನಿಸ್ಸೀಮಳಲ್ಲವೇ, ಇದನ್ನೂ ಹೇಳಿದೆ. ಶಾಲೆಯವರು ಇಲಿಯನ್ನು ಒಯ್ದರು. ಹೋಟೆಲಿನವನು ತಿಂಗಳಿಡೀ ನೆವ ಹೇಳಿ ಕೊನೆಗೆ ಅರ್ಧ ಎಣ್ಣೆ ಒಯ್ದ. ಕೆಲವರು ನನ್ನನ್ನು ಕಂಡರೆ ರಸ್ತೆ ಬದಲಾಯಿಸುತ್ತಾರೆ, ಅವರ ಹೆಸರೂ ನನಗೆ ಗೊತ್ತು, ಬಿಡುವವಳಲ್ಲ. ಕೆಲಸವೇನೂ ಕೆಟ್ಟಿಲ್ಲ. ಮೂಗು ಸ್ವಲ್ಪ ಮಂದವಾಗಿದೆ ನಿಜ, ಎರಡು ಸಲ ಮೂಸಬೇಕಾಗುತ್ತದೆ. ಆದರೂ ನನ್ನ ಕೈಗೆ ಬಂದ ಯಾವ ಕಾರೂ ವಾಸನೆ ಇಟ್ಟುಕೊಂಡು ವಾಪಸು ಹೋಗುವುದಿಲ್ಲ.

ಶೀತ ಬಿಟ್ಟ ಮೇಲೆ ಒಂದು ಸಂಜೆ ಗುರುಪಾದಪ್ಪನವರನ್ನು ಕಾಫಿಗೆ ಕರೆದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ನಡುಮನೆಯಲ್ಲಿ ಕುರ್ಚಿ ಕೊಟ್ಟೆ. ಮುಗ್ಗಲು ಬೀರುವಿನ ಪಕ್ಕ ಕೂತಿತ್ತು, ಜೀಪು ಕಿಟಕಿಯ ಕೆಳಗೆ. ಎರಡಕ್ಕೂ ಹಳೆಯ ಪರಿಚಯದವರಿಗೆ ಮಾಡುವ ಹಾಗೆ ತಲೆಯಾಡಿಸಿದರು. ರವಿಕೆಯ ಬಟ್ಟೆ ತೆಗೆದು ಅವರ ಕೈಗೆ ಕೊಟ್ಟು, ತೋಳು ಎಷ್ಟು ಉದ್ದ ಇರಬೇಕು, ಕೊರಳು ಎಷ್ಟು ಆಳ ಎಂದು ವಿವರಿಸುತ್ತಾ ಕೂತೆ. ಹದಿನೇಳು ವರ್ಷದ ಮಾತು ಬಾಕಿಯಿತ್ತು, ಒಂದರಿಂದ ಇನ್ನೊಂದಕ್ಕೆ ಹೋಯಿತು. ಅವರು ಇದ್ದಕ್ಕಿದ್ದಂತೆ ತಲೆಯೆತ್ತಿ ಅಡುಗೆಮನೆಯ ಕಡೆ ನೋಡಿದರು.

"ಮಂಗಳಾ, ಹಾಲು ತಳ ಹಿಡೀತಿದೆ ನೋಡು."

ಊರಿಗೇ ಮೂಗು ಅನ್ನಿಸಿಕೊಂಡಿದ್ದ ನನಗೆ ಏನೂ ಗೊತ್ತಾಗಿರಲಿಲ್ಲ. ಓಡಿಹೋಗಿ ಒಲೆ ಆರಿಸಿದೆ. ಪಾತ್ರೆಯ ತಳ ಕಪ್ಪಾಗಿತ್ತು, ಸೀದ ಹಾಲಿನ ಹೊಗೆ ಅಡುಗೆಮನೆಯೆಲ್ಲ ಎದ್ದಿತ್ತು. ನಡುಮನೆಯಿಂದ ಅವರು ಎಂದಿನ ಸ್ವರದಲ್ಲಿ, "ಡಬ್ಬಿಗೆ ಹಾಕ್ಕೊಡು, ಹೋಗ್ತಾ ತಗೊಂಡು ಹೋಗ್ತೀನಿ" ಅಂದರು.

ನಾನು ಪಾತ್ರೆಯ ಮೇಲೆ ಬಗ್ಗಿ, ಚೆನ್ನಾಗಿ ಮೂಸಿ, ಅವರಿಗೆ ಕೇಳುವ ಹಾಗೆ ಗಟ್ಟಿಯಾಗಿ, "ಇಲ್ಲಿರಲಿ" ಅಂದೆ.